ಮೊದಲು ಕಾರ್ಡು, ಆಮೇಲೆ ದುರ್ಬೀನು

“ಅಣ್ಣಾರ, ಮಗಳು ರೈಫಲ್ ಕ್ಲಾಸಿಗೆ ಹೊಂಟಾಳ್ರಿ. ದುರ್ಬೀನು ತಗೋಬೇಕು. ಅರವತ್ತು ಪಟ್ಟು ತೋರ್ಸೋದು ಛಲೋ ಅಂತಾರ, ಖರೇನ?”

ಕಾಂಪೌಂಡಿನಾಚೆಯಿಂದ ವೈನಿ ಕೇಳಿದರು. ಬೆಳಗಾವಿ ಕಡೆಯವರು, ಯಜಮಾನರ ನೌಕರಿ ಇಲ್ಲೇ ನಾಗಪುರದ ಮಿಹಾನ್‌ನಲ್ಲಿ.

“ಎಷ್ಟು ದೂರದ್ದ್ರಿ? ಹತ್ತು ಮೀಟರೋ, ಐವತ್ತೋ?”

“ಹತ್ತು.”

“ಹಂಗಾದ್ರ ದುರ್ಬೀನೇ ಬ್ಯಾಡ್ರಿ.”

ಹತ್ತು ಮೀಟರಿನ ಏರ್ ರೈಫಲ್‌ನಲ್ಲಿ ಕಾರ್ಡು ತಂತಿಯ ಮೇಲೆ ಓಡಿಕೊಂಡು ಹೊಡೆಯುವವರ ಕೈಗೇ ಬರುತ್ತದೆ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದ ಕಡೆ ಅಂಕ ಪಕ್ಕದ ಪರದೆಯಲ್ಲೇ ಬೀಳುತ್ತದೆ. ಆ ದುಡ್ಡನ್ನು ಒಳ್ಳೆಯ ಕಾರ್ಡಿಗೂ ಪೆಲೆಟ್ಟಿಗೂ ಹಾಕಿ ಅಂದೆ.

“ಕಾರ್ಡೇನ್ರಿ, ಝೆರಾಕ್ಸ್ ತೆಗಿಸಿದ್ರಾತು.”

ಅದೊಂದು ಮಾಡಬೇಡಿ ಅಂತ ನಾನು ಗೋಡೆಯ ಹತ್ತಿರಕ್ಕೇ ಹೋದೆ. ಆ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ೦.೫ ಮಿಲಿಮೀಟರು, ಎಲ್ಲಕ್ಕಿಂತ ಹೊರಗಿನ ಉಂಗುರವೇ ೪೫.೫ ಮಿಲಿಮೀಟರು. ಪೆಲೆಟ್ಟು ೪.೫. ತೂತಿನ ಅಂಚು ಗೆರೆ ಮುಟ್ಟಿತೋ ಇಲ್ಲವೋ ಅನ್ನುವುದರ ಮೇಲೆ ಅಂಕ. ತೆಳು ಕಾಗದ ನಾಲ್ಕೂ ಕಡೆ ಸೀಳಿಕೊಳ್ಳುತ್ತದೆ, ಅಂಚು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಗುರಿಗೆಂದೇ ಮಾಡಿದ ದಪ್ಪ ಕಾರ್ಡಿನಲ್ಲಿ, ಕಂಡಕ್ಟರ್ ಟಿಕೆಟ್ಟಿಗೆ ಪಂಚ್ ಹೊಡೆದ ಹಾಗೆ, ದುಂಡಗಿನ ತೂತು ಬೀಳುತ್ತದೆ. ಮನೆಯಲ್ಲಿ ತಗಡಿನ ಡಬ್ಬಿ, ಕಲ್ಲು ಇಟ್ಟು ಹೊಡೆಯುವುದಂತೂ ಬೇಡವೇ ಬೇಡ. ಪೆಲೆಟ್ಟು ಪುಟಿದು ಕಣ್ಣಿಗೇ ಬರುತ್ತದೆ.

ಇನ್ನೊಂದು ಮಾತು ಹೇಳಿದೆ. ವಾರಕ್ಕೆ ಒಂದೆರಡು ದಿನ ಕಾರ್ಡನ್ನು ತಿರುವಿ ಹಾಕಿ ಬಿಳಿ ಬೆನ್ನಿಗೆ ಹೊಡೆಯಲಿ. ಅಲ್ಲಿ ಉಂಗುರವಿಲ್ಲ, ಅಂಕದ ಆಸೆಯಿಲ್ಲ. ಮನಸ್ಸು ಉಸಿರಿನ ಮೇಲೆ, ಟ್ರಿಗರ್ ಒತ್ತುವ ಬೆರಳಿನ ಮೇಲೆ ನಿಲ್ಲುತ್ತದೆ. ಐದು ತೂತು ಒಂದೇ ಕಡೆ ಗುಂಪಾಗಿ ಕೂತರೆ, ಆ ಗುಂಪನ್ನು ನಡುವಿಗೆ ತರುವುದು ಸೈಟಿನ ತಿರುಪಿನ ಕೆಲಸ. ಚದುರಿದರೆ ಯಾವ ತಿರುಪೂ ಉಪಯೋಗಕ್ಕೆ ಬರುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು ೨೦೦೪ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ೪೦೦ಕ್ಕೆ ೪೦೦ ಹೊಡೆದದ್ದು ಇದೇ ಏರ್ ರೈಫಲ್‌ನಲ್ಲಿ. ನಲವತ್ತು ಗುಂಡು, ನಲವತ್ತೂ ಹತ್ತು!

“ನಮ್ಮ ಕೊಲ್ಹಾಪುರದ ಹುಡುಗನೂ ಪದಕ ತಂದಾನಲ್ರಿ?”

ಸ್ವಪ್ನಿಲ್ ಕುಸಾಳೆ. ಕಂಬಳವಾಡಿಯವರು, ರೈಲ್ವೆ ನೌಕರ. ೨೦೨೪ರ ಪ್ಯಾರಿಸ್‌ನಲ್ಲಿ ೪೫೧.೪ ಅಂಕದ ಕಂಚು. ಅದು ಐವತ್ತು ಮೀಟರು: ಮೊಣಕಾಲೂರಿ, ಮಲಗಿ, ನಿಂತು. ಅಭ್ಯಾಸಕ್ಕೆ ದುರ್ಬೀನು ಬೇಕಾಗುವುದು ಅಲ್ಲಿ. .೨೨ರ ಗುಂಡು ೫.೬ ಮಿಲಿಮೀಟರಿನ ತೂತು ಮಾಡುತ್ತದೆ. ಐವತ್ತು ಮೀಟರಿನಾಚೆ, ಅದೂ ಕರಿ ವೃತ್ತದೊಳಗೆ, ಬರಿಗಣ್ಣಿಗೆ ಸಿಗುವುದಿಲ್ಲ.

ಹಾಗಂತ ಅರವತ್ತು ಪಟ್ಟು ಬೇಡ. ನಾಗಪುರದ ಮೇ ತಿಂಗಳ ಬಿಸಿಲು ವೈನಿಗೂ ಗೊತ್ತು, ೪೫ ಡಿಗ್ರಿ ಮುಟ್ಟುತ್ತದೆ. ನೆಲದಿಂದೇಳುವ ಝಳದಲ್ಲಿ ಗುರಿ ಕುಣಿಯುತ್ತದೆ; ದುರ್ಬೀನು ತೂತನ್ನು ದೊಡ್ಡದು ಮಾಡಿದಷ್ಟೇ ಆ ಕುಣಿತವನ್ನೂ ದೊಡ್ಡದು ಮಾಡುತ್ತದೆ. ಪಟ್ಟು ಏರಿದಂತೆ ಬೆಳಕೂ ಕುಗ್ಗುತ್ತದೆ. ಇಪ್ಪತ್ತು, ಇಪ್ಪತ್ತೈದು ಪಟ್ಟು ಸಾಕು. ಮುಂದಿನ ಗಾಜು ೬೦ ಮಿಲಿಮೀಟರಾದರೂ ಇರಲಿ. ಕಣ್ಣಿಡುವ ಕೊಳವೆ ಓರೆಯಾಗಿದ್ದರೆ ಮಲಗಿದಲ್ಲಿಂದ ಎದ್ದೇಳದೆ ನೋಡಬಹುದು. ಸ್ಟ್ಯಾಂಡು ಗಟ್ಟಿಯಿರಬೇಕು.

ಝಳ ಉಪಕಾರವನ್ನೂ ಮಾಡುತ್ತದೆ. ಗುರಿಗಿಂತ ತುಸು ಈಚೆಗೆ ಫೋಕಸ್ ತಂದರೆ ಅದು ಎಡಕ್ಕೆ ಹರಿಯುತ್ತಿದೆಯೋ ಬಲಕ್ಕೋ ಸ್ಪಷ್ಟವಾಗಿ ಕಾಣುತ್ತದೆ. ಗಾಳಿ ಆ ಕಡೆಗೇ ಬೀಸುತ್ತಿದೆ ಎಂದರ್ಥ. ಅದು ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲವೆಂದೇ ಲೆಕ್ಕ. ಇಷ್ಟು ಓದಲು ಕಲಿತ ಹುಡುಗಿಗೆ ದುರ್ಬೀನು ಸಾರ್ಥಕ.

“ಅಂಗಡಿ ಒಳಗ ನೋಡಿ ತಗೋಬ್ಯಾಡ್ರಿ ವೈನಿ, ಮಧ್ಯಾಹ್ನ ಹೊರಗ ತಂದು ಐವತ್ತು ಮೀಟರ್ ದೂರ ಕಾರ್ಡು ಇಟ್ಟು ನೋಡ್ರಿ.”

“ಅದಕ್ಕಿನ್ನೂ ಟೈಮ್ ಐತಿ ಬಿಡ್ರಿ. ಈಗ ಕಾರ್ಡು ಎಲ್ಲಿ ಸಿಗ್ತಾವ ಅಂತ ಆಕಿ ಕೋಚ್‌ನ ಕೇಳ್ತೀನಿ,” ಅಂದರು ವೈನಿ.