ತಾತನಿಗೆ ಸೀಟಿಲ್ಲ

ನಮ್ಮ ಕಾರಿನ ಆರ್.ಸಿ. ಕಾರ್ಡಿನಲ್ಲಿ ಸೀಟುಗಳ ಸಂಖ್ಯೆ ಐದು ಎಂದು ಅಚ್ಚಾಗಿದೆ. ಸಾರಿಗೆ ಇಲಾಖೆಯವರಿಗೆ ಲೆಕ್ಕ ಬರುವುದಿಲ್ಲ ಎನ್ನುವುದು ನಮ್ಮ ಮನೆಯ ಬಹುಕಾಲದ ನಂಬಿಕೆ. ಇದೇ ಕಾರಿನಲ್ಲಿ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಏಳು ಜನ ಹೋಗಿಬಂದಿದ್ದೇವೆ. ಬರುವಾಗ ಕಡ್ಲೆಪುರಿ ಮೂಟೆಯೂ ಒಬ್ಬ ಬೀಗರೂ ಸೇರಿಕೊಂಡಿದ್ದರು. ತೊಡೆಗಳನ್ನೂ ಸೀಟೆಂದು ಎಣಿಸುವ ಮನಸ್ಸಿದ್ದರೆ ಯಾವ ಸಣ್ಣ ಕಾರೂ ಸಣ್ಣದಲ್ಲ.

ಎರಡನೇ ಮೊಮ್ಮಗು ಹುಟ್ಟಿದ ಮೇಲೆ ಈ ಲೆಕ್ಕ ಕೆಟ್ಟಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಸೊಸೆ ಬಾಣಂತನ ಮುಗಿಸಿಕೊಂಡು ತವರಿಂದ ಬಂದವಳೇ, "ಮಾವ, ಇನ್ಮೇಲೆ ಕಾರಲ್ಲಿ ಮಕ್ಕಳು ಯಾರ ತೊಡೆ ಮೇಲೂ ಕೂರಲ್ಲ. ಇಬ್ರಿಗೂ ಬೇರೆ ಬೇರೆ ಸೀಟು" ಎಂದಳು. ನನ್ನ ಹೆಂಡತಿಗೆ ಇದು ಆಸ್ತಿ ಪಾಲಿನ ಮಾತಿನಂತೆ ಕೇಳಿಸಿತು. "ನಾನ್ ಹಿಡ್ಕೊಂಡ್ರೆ ಮಗು ಬಿದ್ದೋಗತ್ತಾ? ಇವಳ ಗಂಡನ್ನ ಹಿಡ್ಕೊಂಡು ಬೆಳೆಸಿದ್ದು ಯಾರಂತೆ?" ಎಂದು ಅಡುಗೆಮನೆಯಿಂದಲೇ ಕೇಳಿದಳು. ಕೇಳಿದ್ದು ನನ್ನನ್ನು, ಕೇಳಿಸಿದ್ದು ಸೊಸೆಗೆ.

ಬೊಮ್ಮಸಂದ್ರದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಜಗಳಗಳನ್ನು ಅಂಕಿಗಳಿಂದ ಬಗೆಹರಿಸಬಹುದು ಎಂದು ನಂಬಿರುವ ಜಾತಿ. ಪೇಪರು ತೆಗೆದುಕೊಂಡು ಹೆಂಡತಿಗೆ ಲೆಕ್ಕ ತೋರಿಸಿದೆ: 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಎಲ್ಲೋ ಗುದ್ದಿ, ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಹೊತ್ತಿನಲ್ಲಿ ನಿಂತಿತು ಅನ್ನು. ಒಳಗಿರುವ ಒಂದೊಂದು ಕಿಲೋ ತೂಕವೂ ಆ ಗಳಿಗೆಗೆ 28 ಕಿಲೋ ಆಗುತ್ತದೆ. ನಮ್ಮ ಕೂಸು ಆರು ಕಿಲೋ ಇದೆ. ಅಂದರೆ ಸುಮಾರು 170 ಕಿಲೋ. ನಮ್ಮ ಬೀದಿಗೆ ಬರುವ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನು ಎಂಟೂವರೆ. "ನೀನು ಒಂದು ಕ್ಯಾನು ಎತ್ತಿ ಎರಡು ವರ್ಷ ಆಯ್ತು" ಎಂದೆ. "ಕ್ಯಾನು ನನ್ನ ಮೊಮ್ಮಗ ಅಲ್ಲ" ಎಂದಳು. ಭೌತಶಾಸ್ತ್ರಕ್ಕೆ ಇದಕ್ಕಿಂತ ಚೆನ್ನಾದ ಉತ್ತರವನ್ನು ನಾನು ಕೇಳಿಲ್ಲ.

ಕಾನೂನನ್ನೂ ಹೇಳಿ ನೋಡಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ತಂದ 194ಬಿ ಕಲಮಿನ ಪ್ರಕಾರ ಹದಿನಾಲ್ಕು ತುಂಬದ ಮಕ್ಕಳಿಗೆ ಕಾರಿನಲ್ಲಿ ಬೆಲ್ಟಾದರೂ ಇರಬೇಕು, ಮಕ್ಕಳ ಸೀಟಾದರೂ ಇರಬೇಕು. ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಸೀಟಿನ ಬೆಲೆ ಎಷ್ಟೆಂದು ಮಗನನ್ನು ಕೇಳಿ ತಿಳಿದುಕೊಂಡ ಹೆಂಡತಿ, "ದಂಡವೇ ಅಗ್ಗ ಅಲ್ವೇನೋ?" ಎಂದಳು. ಕಾಯ್ದೆ ಬರೆದವರು ಒಬ್ಬ ಗೃಹಿಣಿಯನ್ನಾದರೂ ಸಮಿತಿಗೆ ಹಾಕಿಕೊಳ್ಳಬೇಕಿತ್ತು.

ಪಕ್ಕದ ಮನೆಯವರು ಕೊಟ್ಟ ಸಲಹೆ ಸರಳವಾಗಿತ್ತು: ದೊಡ್ಡ ಕಾರು ತಗೊಂಡ್ಬಿಡಿ. ಹೆಬ್ಬಗೋಡಿಯ ನಮ್ಮ ಬೀದಿಯನ್ನು ನೋಡಿದವರು ಈ ಮಾತು ಆಡುವುದಿಲ್ಲ. ಎರಡೂ ಕಡೆ ಪಿ.ಜಿ. ಕಟ್ಟಡಗಳು, ಅವುಗಳ ಮುಂದೆ ಬೈಕುಗಳ ಸಾಲು, ನಡುವೆ ಉಳಿದ ಜಾಗದಲ್ಲಿ ನೀರಿನ ಟ್ಯಾಂಕರು. ಟ್ಯಾಂಕರ್ ಬಂತೆಂದರೆ ಕಾರುಗಳೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಸರ್ಕಾರದ ಒಲವೂ ಸಣ್ಣ ಕಾರಿನ ಕಡೆಗೇ ಇದೆ. ನಾಲ್ಕು ಮೀಟರು ಉದ್ದ, 1200 ಸಿ.ಸಿ. ಎಂಜಿನ್ನು ಮೀರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18 ಜಿ.ಎಸ್.ಟಿ., ಅದಕ್ಕಿಂತ ದೊಡ್ಡದಕ್ಕೆ ಶೇ. 40. ಸಂಸಾರ ಎಷ್ಟೇ ಬೆಳೆಯಲಿ, ಕಾರು ಬೆಳೆಯಬಾರದೆಂದು ಬೀದಿಯೂ ತೆರಿಗೆಯೂ ಒಪ್ಪಂದ ಮಾಡಿಕೊಂಡಿವೆ.

ಹಾಗಾಗಿ ಟೇಪು ಹಿಡಿದು ಕಾರಿಗಿಳಿದೆ. ಹಿಂದಿನ ಸೀಟಿನ ಅಗಲ, ಬಾಗಿಲಿಂದ ಬಾಗಿಲಿಗೆ, 122 ಸೆಂಟಿಮೀಟರ್. ಕೂಸಿನ ಸೀಟು 44, ದೊಡ್ಡವಳದು 45. ಇವೆರಡು ಕೂತ ಮೇಲೆ ನಡುವೆ ಉಳಿಯುವುದು 33. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದ್ದ ನನ್ನ ಹೆಂಡತಿ ಸೆಂಟಿಮೀಟರನ್ನು ನಂಬುವುದಿಲ್ಲ. ತನ್ನ ದರ್ಜಿ ಟೇಪು ತಂದು, "ಹದಿಮೂರು ಇಂಚು. ಇದರಲ್ಲಿ ಕೂರೋದು ನಿಮ್ ಸೊಸೆ ಒಬ್ಳೇ" ಎಂದು ತೀರ್ಪಿತ್ತಳು. ಮೆಚ್ಚುಗೆಯೋ ಚುಚ್ಚೋ ಎಂದು ನಾನು ವಿಚಾರಿಸಲಿಲ್ಲ.

ಈ ಕಾರ್ಯಾಚರಣೆಯಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಐಸೋಫಿಕ್ಸ್. ಹಿಂದಿನ ಸೀಟಿನ ಬೆನ್ನೂ ಬುಡವೂ ಕೂಡುವ ಸಂದಿನಲ್ಲಿ ಕೈ ತೂರಿಸಿದರೆ ಚಿಲ್ಲರೆ ಕಾಸು, ಬಿಸ್ಕತ್ತಿನ ಪುಡಿ, ಒಂದು ಪೆನ್ನಿನ ಮುಚ್ಚಳ ದಾಟಿದ ಮೇಲೆ ಎರಡು ಕಬ್ಬಿಣದ ಬಳೆ ಸಿಗುತ್ತವೆ. ಕಾರಿನ ಮೈಗೇ ಭದ್ರವಾಗಿ ಸೇರಿಕೊಂಡಂಥವು. ಸರಳಿನ ದಪ್ಪ 6 ಮಿಲಿಮೀಟರ್, ಎರಡರ ನಡುವಣ ದೂರ 280 ಮಿಲಿಮೀಟರ್ ಎಂದು ಜಗತ್ತಿಗೆಲ್ಲ ಒಂದೇ ಅಳತೆ. ನಂಬಿಬಿಡುವುದೇ? ಪೆಟ್ಟಿಗೆಯಿಂದ ನನ್ನ ಹಳೆಯ ವರ್ನಿಯರ್ ತೆಗೆದು ಅಳೆದೆ. ಸರಿಯಾಗಿ ಆರು. ಮಕ್ಕಳ ಸೀಟಿನ ಕೊಕ್ಕೆಗಳು ಈ ಬಳೆಗಳಿಗೆ ಟಕ್ ಎಂದು ಕಚ್ಚಿಕೊಳ್ಳುತ್ತವೆ. ಬೆಲ್ಟು ಸುತ್ತಿ ಕಟ್ಟುವ ಸೀಟನ್ನು ಹತ್ತು ಜನ ಹತ್ತು ಥರ ಕಟ್ಟುತ್ತಾರೆ. ಇದರಲ್ಲಿ ಆ ಪಾಂಡಿತ್ಯಕ್ಕೆ ಅವಕಾಶವಿಲ್ಲ. ಕೂತರೆ ಕೂತಿತು, ಇಲ್ಲದಿದ್ದರೆ ಇಲ್ಲ. ಸುಮ್ಮನೆ ಚೀಟಿ ಅಂಟಿಸಿ ಪಾಸು ಮಾಡಬಹುದಾದ ಮಾಲು ಇದು.

ದೊಡ್ಡವಳಿಗೆ ಪಟ್ಟಿ ಇರುವ ಸೀಟೋ, ಬೂಸ್ಟರೋ? ಅದನ್ನು ಹೇಳುವುದು ವಯಸ್ಸಲ್ಲ, ತೂಕ. ಹಳೆಯ ಯುರೋಪಿಯನ್ ಮಾನದಂಡದಲ್ಲಿ 13 ಕಿಲೋವರೆಗೆ ಕೂಸಿನ ಸೀಟು, 9ರಿಂದ 18 ಕಿಲೋವರೆಗೆ ಎದೆ-ಸೊಂಟಕ್ಕೆ ಪಟ್ಟಿ ಬಿಗಿಯುವ ಸೀಟು, 15ರಿಂದ 36ರವರೆಗೆ ಬೂಸ್ಟರ್. ಈಗಿನ ಆರ್-129 ಎಂಬ ಹೊಸ ಮಾನದಂಡ ಮುಖ್ಯವಾಗಿ ಎತ್ತರ ನೋಡುತ್ತದೆ. ಮೊಮ್ಮಗಳನ್ನು ತೂಗಲು ಹತ್ತಿರವಿದ್ದದ್ದು ಗುಜರಿ ಅಂಗಡಿಯ ತಕ್ಕಡಿ. ಹಳೇ ಪೇಪರು, ಖಾಲಿ ಬಾಟಲಿಗಳ ನಡುವೆ ಅವಳನ್ನು ನಿಲ್ಲಿಸಿದರೆ, "ತಾತ, ನನ್ನ ಮಾರಿಬಿಡ್ತೀಯಾ?" ಎಂದು ಕೇಳಿದಳು. "ಕೆ.ಜಿ.ಗೆ ಎಷ್ಟ್ ಹೇಳ್ತೀರ ಯಜಮಾನ್ರೇ?" ಎಂದು ಅಂಗಡಿಯವನೂ ಸೇರಿಕೊಂಡ. ಹದಿನಾರು ಕಿಲೋ ಚಿಲ್ಲರೆ. ಬೂಸ್ಟರಿಗೆ ಪಾಸಾದರೂ ಹದಿನೆಂಟು ಆಗುವವರೆಗೆ ಪಟ್ಟಿಯ ಸೀಟೇ ಇರಲಿ ಎಂದೆ, ಏಕೆಂದರೆ ಬೂಸ್ಟರಿನಲ್ಲಿ ಮಗುವನ್ನು ಹಿಡಿಯುವುದು ಕಾರಿನ ಬೆಲ್ಟು ಮಾತ್ರ. ನಿದ್ದೆ ಬಂದ ಮಗು ಅದರ ಕೆಳಗಿನಿಂದ ಜಾರಿ, ಕತ್ತನ್ನು ಬೆಲ್ಟಿಗೆ ಒಪ್ಪಿಸಿ ಮಲಗಿಬಿಡುತ್ತದೆ.

ಬೂಸ್ಟರ್ ಅಂದರೆ ಮಗುವನ್ನು ಒಂದು ಗೇಣು ಮೇಲಕ್ಕೆತ್ತುವ ಮಣೆ, ಅಷ್ಟೆ. ಕೆಳಗಿನ ಪಟ್ಟಿ ಮೆತ್ತನೆಯ ಹೊಟ್ಟೆ ಬಿಟ್ಟು ಸೊಂಟದ ಮೂಳೆಯ ಮೇಲೆ ಬರಬೇಕು, ಮೇಲಿನದು ಕತ್ತು ಬಿಟ್ಟು ಭುಜದ ಮೇಲೆ ಹಾಯಬೇಕು. ಭುಜದ ಪಟ್ಟಿ ಇಲ್ಲದ ಕಡೆ ಇದು ಕೆಲಸಕ್ಕೆ ಬಾರದು. ನಮ್ಮ ಕಾರಿನ ಹಿಂದಿನ ನಡುಸೀಟಿಗೆ ಇರುವುದು ಬರೀ ಸೊಂಟದ ಪಟ್ಟಿ. ಅಲ್ಲಿಗೆ ಮಕ್ಕಳಿಬ್ಬರೂ ಕಿಟಕಿಗಳಿಗೆ ಹಕ್ಕುದಾರರಾದರು. ಇನ್ನು ಬೂಸ್ಟರ್ ಬಿಡುವುದು ಯಾವಾಗ? ಇಂಗ್ಲೆಂಡಿನಲ್ಲಿ ಹನ್ನೆರಡು ವರ್ಷ ಅಥವಾ 135 ಸೆಂಟಿಮೀಟರ್ ಆದಾಗ, ಜರ್ಮನಿಯಲ್ಲಿ ಹನ್ನೆರಡು ವರ್ಷ ಅಥವಾ 150 ಸೆಂಟಿಮೀಟರ್ ಆದಾಗ. ನನ್ನ ಹೆಂಡತಿಯ ಎತ್ತರ 147. ವಯಸ್ಸು ಹನ್ನೆರಡು ದಾಟಿದ್ದರಿಂದ ಜರ್ಮನ್ ಪೊಲೀಸರಿಂದ ಪಾರು.

ಮಕ್ಕಳ ಸೀಟಿನ ಅಂಗಡಿಯವನು ಮೊದಲು ತೋರಿಸಿದ್ದು ಕಾರ್ಟೂನ್ ಕರಡಿ ಇದ್ದ, ದಿಂಬಿಗೆ ಎರಡು ಬೆಲ್ಟು ಹೊಲಿದಂಥ ಒಂದು ವಸ್ತು. "ಫಾರಿನ್ ಸ್ಟ್ಯಾಂಡರ್ಡ್ ಸಾರ್." ತಿರುಗಿಸಿ ನೋಡಿದೆ, ಬೆನ್ನ ಮೇಲೆ ಚೀಟಿಯೇ ಇಲ್ಲ. ಪರೀಕ್ಷೆ ಪಾಸಾದ ಯುರೋಪಿಯನ್ ಮಾದರಿಯ ಸೀಟಿಗೆ ಒಂದು ಗುರುತಿನ ಚೀಟಿ ಇರುತ್ತದೆ. ಅದರಲ್ಲಿ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ. ಒಂದು ಅಂದರೆ ಜರ್ಮನಿ, ನಾಲ್ಕು ಅಂದರೆ ನೆದರ್ಲೆಂಡ್ಸ್. ನಮ್ಮಲ್ಲೇ ಎ.ಐ.ಎಸ್.-072 ಎಂಬ ಮಾನದಂಡವಿದೆ. ಕರಡಿಗೆ ಯಾವ ದೇಶವೂ ಸಹಿ ಹಾಕಿರಲಿಲ್ಲ. ಮೊಮ್ಮಗಳು ಕರಡಿಗಾಗಿ ಅತ್ತಳು. ಕಾರುಗಳಿಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ 2023ರಲ್ಲಿ ಶುರುವಾಯಿತಲ್ಲ, ಅದರಲ್ಲಿ ಮಕ್ಕಳ ರಕ್ಷಣೆಗೇ 49 ಅಂಕ. ಹದಿನೆಂಟು ತಿಂಗಳಿನದೊಂದು, ಮೂರು ವರ್ಷದ್ದೊಂದು ಬೊಂಬೆಯನ್ನು ಕೂರಿಸಿ ಗುದ್ದಿಸುತ್ತಾರೆ. ಕರಡಿ ಬೇಕೆಂದು ಬೊಂಬೆಗಳು ಹಟ ಹಿಡಿಯುವುದಿಲ್ಲ.

ಕೊನೆಯ ಜಗಳ ಕೂಸು ಯಾವ ಕಡೆಗೆ ಮುಖ ಮಾಡಬೇಕು ಎಂಬುದರ ಮೇಲೆ. ಕೂಸಿನ ಸೀಟು ಗಾಡಿಯ ಹಿಂಬದಿಗೆ ತಿರುಗಿರುತ್ತದೆ. ಹೊಸ ಮಾನದಂಡದಲ್ಲಿ ಹದಿನೈದು ತಿಂಗಳು ತುಂಬುವವರೆಗಾದರೂ ಹಾಗೇ ಕೂರಬೇಕು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು 1960ರ ದಶಕದಲ್ಲಿ, ಜೆಮಿನಿ ನೌಕೆಯ ಗಗನಯಾತ್ರಿಗಳು ಬೆನ್ನು ಒರಗಿಸಿಕೊಂಡು ಹಾರುವುದನ್ನು ಕಂಡು ಇದನ್ನು ಯೋಚಿಸಿದರು. ಕೂಸಿನ ತಲೆ ಅದರ ಉದ್ದದ ಕಾಲು ಭಾಗ, ಕತ್ತು ಇನ್ನೂ ಎಳಸು. ಮುಂದಕ್ಕೆ ಮುಗ್ಗರಿಸುವ ಬದಲು ಬೆನ್ನೆಲ್ಲ ಸೀಟಿಗೆ ಒತ್ತಿಕೊಂಡರೆ ಪೆಟ್ಟು ಹಂಚಿಹೋಗುತ್ತದೆ. "ಹಿಂದೆ ಬರೋ ಲಾರಿ ನೋಡ್ಕೊಂಡು ಹೋಗ್ಬೇಕಾ ನನ್ ಕಂದ? ಮುಂದಿನ ಸೀಟಲ್ಲಿ ನಿಮ್ ಪಕ್ಕ ಇಡಿ" ಎಂದಳು ಹೆಂಡತಿ. ಮಗ ಸನ್‌ವೈಸರ್ ಇಳಿಸಿ ಅಲ್ಲಿದ್ದ ಚಿತ್ರ ತೋರಿಸಿದ. ಗಾಳಿಚೀಲ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖದ ಕೂಸಿನ ಸೀಟು ಇಡಲೇಬಾರದು. ಚೀಲ ಸಿಡಿದರೆ ಬಡಿಯುವುದು ಸೀಟಿನ ಬೆನ್ನಿಗೆ, ಕೂಸಿನ ತಲೆ ಇರುವ ಜಾಗಕ್ಕೆ. ಅವಳು ಚಿತ್ರವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತೊಡೆಯ ಮಾತು ಎತ್ತಲಿಲ್ಲ. ಸೀಟಿಗೆ ಅರಿಶಿನ ಕುಂಕುಮ ಇಟ್ಟು, ಟೈರಿನಡಿ ನಿಂಬೆಹಣ್ಣು ಇಟ್ಟಳು. ಎಲ್ಲ ಇಲಾಖೆಗಳ ಒಪ್ಪಿಗೆಯೂ ಸಿಕ್ಕಂತಾಯಿತು.

ಈಗ ವ್ಯವಸ್ಥೆ ಹೀಗಿದೆ. ಮಗ ಡ್ರೈವರ್. ಹಿಂದೆ ಎರಡು ಸೀಟುಗಳ ನಡುವಿನ ಹದಿಮೂರು ಇಂಚಿನಲ್ಲಿ ಸೊಸೆ. ಕೂಸಿನ ಸೀಟು ಮುಂದಿನ ಸೀಟನ್ನು ಮುಂದಕ್ಕೆ ತಳ್ಳುವುದರಿಂದ ಅಲ್ಲಿ ಮೊಣಕಾಲು ಗಿಡ್ಡ ಇರುವವರೇ ಕೂರಬೇಕು, ಅಂದರೆ ನನ್ನ ಹೆಂಡತಿ. ಒಟ್ಟು ಐದು. ಸಾರಿಗೆ ಇಲಾಖೆಗೆ ಲೆಕ್ಕ ಬರುತ್ತದೆ. ಇಷ್ಟೆಲ್ಲ ಅಳೆದು ತೂಗಿದ ತಾತನಿಗೆ ಮಾತ್ರ ಸೀಟಿಲ್ಲ.

ನನಗೆ ಮೆಟ್ರೋ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಹೆಬ್ಬಗೋಡಿಯಿಂದ ಸಿಲ್ಕ್ ಬೋರ್ಡಿನ ಮೇಲೆ ಹಾರಿ ರಾಗಿಗುಡ್ಡಕ್ಕೆ ನೇರ ಹೋಗುತ್ತದೆ. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಗಲೂ ಅವರ ಕಾರು ಬೊಮ್ಮನಹಳ್ಳಿ ದಾಟುವಷ್ಟರಲ್ಲಿ ನಾನು ರಾಗಿಗುಡ್ಡದ ಆಂಜನೇಯನಿಗೆ ಪ್ರದಕ್ಷಿಣೆ ಮುಗಿಸಿ, ಪ್ರಸಾದದ ದೊನ್ನೆ ಹಿಡಿದು ನೆರಳಲ್ಲಿ ಕೂತಿರುತ್ತಿದ್ದೆ. ಹೆಂಡತಿ ಈಗ ನನ್ನ ಜೊತೆ ಮೆಟ್ರೋದಲ್ಲಿ ಬರುತ್ತೇನೆ ಎನ್ನುತ್ತಿದ್ದಾಳೆ. ಸೊಸೆ ಸಂತೋಷವಾಗಿ ಒಪ್ಪಿದ್ದಾಳೆ.

ಮಕ್ಕಳ ಸೀಟು ಕೊಳ್ಳಲು ಹೊರಟವರಿಗೆ ನನ್ನದೊಂದೇ ಮಾತು: ಅಂಗಡಿಗೆ ಕಾರನ್ನೂ ಮಗುವನ್ನೂ ಎರಡನ್ನೂ ಕರೆದುಕೊಂಡು ಹೋಗಿ, ಸೀಟನ್ನು ಕಾರಿನಲ್ಲಿ ಕೂರಿಸಿ ನೋಡಿ, ಪಕ್ಕದ ಬೆಲ್ಟಿನ ಬಕಲ್ಲಿಗೆ ಕೈ ಹೋಗುತ್ತದೆಯೇ ಎಂದು ಪರೀಕ್ಷಿಸಿ, ಬೆನ್ನ ಮೇಲಿನ ಚೀಟಿ ಓದಿ, ಆಮೇಲೆ ದುಡ್ಡು ಕೊಡಿ. ಬೀಗರು ಮಾತ್ರ ಆಟೋದಲ್ಲಿ ಬರಲಿ.