ಭಾವನ ಬಾಟಲಿ

ದುಬೈಯಲ್ಲಿ ದೊಡ್ಡವರ ಬೋಟುಗಳಿಗೆ ಸೆರಾಮಿಕ್ ಕೋಟಿಂಗ್ ಮಾಡುವ ನಮ್ಮ ಭಾವ ಈ ಸಲ ರಜೆಗೆ ನೆರಿಯಕ್ಕೆ ಬಂದದ್ದು ಸರಿಯಾಗಿ ಜಡಿಮಳೆಯ ಆಟಿ ತಿಂಗಳಲ್ಲಿ. ಚೀಲದಲ್ಲಿ ಖರ್ಜೂರ, ಅದರ ಸಂದಿಯಲ್ಲಿ ಒಂದು ಪುಟ್ಟ ಬಾಟಲಿ. ಅತ್ತರು ಎಂದು ಮೂಸಲು ಹೋದೆ, ಕಸಿದುಕೊಂಡರು.

"ಇದನ್ನು ಹಚ್ಚಿದರೆ ಬೋಟಿನ ಮೈಮೇಲೆ ನೀರೇ ನಿಲ್ಲುವುದಿಲ್ಲ ಮಾರಾಯ!"

"ನೀರು ನಿಲ್ಲದಿದ್ದರೆ ಬೋಟು ಎಲ್ಲಿ ನಿಲ್ಲುವುದು ಭಾವ?"

ಉತ್ತರ ಬರಲಿಲ್ಲ.

ಚಾರ್ಮಾಡಿಯ ಬುಡದ ಈ ಊರಿನಲ್ಲಿ ಬೋಟೆಲ್ಲಿಂದ ಬರಬೇಕು? ಹೊಳೆಯೇನೋ ಇದೆ. ಬೇಸಿಗೆಯಲ್ಲಿ ಅದರಲ್ಲಿ ಪಾದ ಮುಳುಗಿದರೆ ಪುಣ್ಯ, 2019ರ ಆಗಸ್ಟಿನಂಥ ಮಳೆಯಲ್ಲಿ ತೋಟವೇ ಮುಳುಗುತ್ತದೆ. ಹಾಗಾಗಿ ಭಾವನ ಕಣ್ಣು ನಮ್ಮ ಹಳೆ ಜೀಪಿನ ಮೇಲೆ ಬಿತ್ತು.

ಮೊದಲು ಪಾಠ. ಫೈಬರ್ ಬೋಟಿನ ಹೊರಮೈಯ ಜೆಲ್‌ಕೋಟ್ ಬಿಸಿಲಿಗೆ ಬೆಂದು, ಮುಟ್ಟಿದರೆ ಕೈಗೆ ಸುಣ್ಣದ ಹಾಗೆ ಪುಡಿ ಹತ್ತುತ್ತದಂತೆ. ಅದನ್ನು ಉಜ್ಜಿ, ಹೊಳಪು ಕೊಟ್ಟು, ಪಸೆ ತೆಗೆದು, ನೆರಳಿನಲ್ಲಿ ಇದನ್ನು ಸವರಿ ಒರೆಸಬೇಕು. ಒಣಗಿ ಗಟ್ಟಿಯಾಗಿ ಉಳಿಯುವುದು ಸಿಲಿಕಾ. ಅಂದರೆ ಹೊಳೆಯ ಮರಳು ಯಾವುದೋ ಅದೇ. "ಗಟ್ಟಿ ಎಷ್ಟು ಗೊತ್ತುಂಟಾ? 9ಎಚ್!" ಖನಿಜಗಳ ಗಟ್ಟಿತನದ ಲೆಕ್ಕದಲ್ಲಿ ವಜ್ರಕ್ಕೆ ಒಂದೇ ಮೆಟ್ಟಿಲು ಕಡಿಮೆ ಎಂದು ನಾನು ಬೆಚ್ಚಿದೆ. ಆಮೇಲೆ ತಿಳಿಯಿತು, ಅದು ಪೆನ್ಸಿಲ್ಲಿನ ಲೆಕ್ಕ. 9ಎಚ್ ಪೆನ್ಸಿಲ್ಲಿನಿಂದ ಗೀಚಿದರೆ ಗೀರು ಬೀಳದು, ಅಷ್ಟೆ. ನಮ್ಮ ಗುಡ್ಡದ ಮುಳ್ಳುಕಂಟಿಗಳು ಪೆನ್ಸಿಲ್ ಹಿಡಿದು ನಿಂತಿಲ್ಲವಲ್ಲ!

"ನೀರಿನಡಿಯ ಭಾಗಕ್ಕೂ ಇದೇಯಾ?" ಎಂದೆ. ಭಾವನ ಸ್ವರ ಸ್ವಲ್ಪ ಇಳಿಯಿತು. ಅಲ್ಲಿ ಚಿಪ್ಪಿನ ಜೀವಿಗಳು ಬಂದು ಕಚ್ಚಿಕೊಳ್ಳುತ್ತವೆ, ಅವಕ್ಕೆ ಸೆರಾಮಿಕ್ಕಿನ ಹೆದರಿಕೆಯಿಲ್ಲ. ಅದಕ್ಕೆ ತಾಮ್ರ, ರಾಳ ಸೇರಿಸಿದ ಬೇರೆಯೇ ಪೇಂಟು.

ತಾಮ್ರ! ರಾಳ! ಮೈಲುತುತ್ತು-ಸುಣ್ಣ ಕಲಸಿ, ಅಂಟಲೆಂದು ರಾಳ ಹಾಕಿ, ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಬಿಡುವ ಮದ್ದು ಮತ್ತೇನು? ದುಬೈಯ ಬೋಟೂ ನೆರಿಯದ ಗೊನೆಯೂ ಒಂದೇ ವೈದ್ಯರ ರೋಗಿಗಳು. ಕಡಲ ಕರೆಯ ಮರದ ದೋಣಿಗಳಿಗೆ ಹಚ್ಚುತ್ತಿದ್ದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ, ಕೈಗೆ ತಾಗಿದರೆ ಬೊಬ್ಬೆ ಏಳಿಸುವಂಥದ್ದು. ಆ ಗೇರೂ ನಮ್ಮ ಗುಡ್ಡದಲ್ಲೇ ಉಂಟು.

ಕೋಟಿಂಗಿಗೆ ಮೊದಲ ಒಂದು ದಿನ ನೀರು ತಾಗಬಾರದು. ಆಟಿಯಲ್ಲಿ! ಇಲ್ಲಿ ಮನೆಯ ಗೋಡೆಯೇ ಬೆವರುತ್ತದೆ. ಭಾವ ಮೂರು ದಿನ ಜಗಲಿಯಲ್ಲಿ ಆಕಾಶ ನೋಡಿಕೊಂಡು ಕೂತರು. ನಾಲ್ಕನೆಯ ದಿನ ಮಳೆ ಹೊಳವಾಯಿತು. ಹೊಳವಿಗೆ ಕಾದವರು ಅವರೊಬ್ಬರೇ ಅಲ್ಲವಲ್ಲ. ಮದ್ದು ಬಿಡುವವರು ಬಂದೇಬಿಟ್ಟರು. ಜನ ಸಾಲದೆ ಭಾವನನ್ನೇ ಡ್ರಮ್ಮಿನ ಹತ್ತಿರ ಪೈಪು ಹಿಡಿಸಿ ನಿಲ್ಲಿಸಿದೆವು. ಗಾಳಿ ತಿರುಗಿತು. ಜೀಪಿಗೆ ಅಂತೂ ಕೋಟಿಂಗ್ ಆಯಿತು, ನೀಲಿಯದ್ದು.

ಸಂಜೆ ಅಕ್ಕ ಪತ್ರೊಡೆಗೆಂದು ಕೆಸುವಿನ ಎಲೆ ತಂದು ಹಾಕಿದಳು. ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತಿತ್ತು. ಭಾವ ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ಎಲೆಯ ಮೇಲಿನ ಸಣ್ಣ ಸಣ್ಣ ಉಬ್ಬುಗಳು, ಅವುಗಳ ಮೇಲೆ ಮೇಣ. ಹನಿ ಕೂತದ್ದು ಹೆಚ್ಚಾಗಿ ಗಾಳಿಯ ಮೇಲೆ. ತಾವರೆ ಎಲೆಯ ಇದೇ ಗುಟ್ಟನ್ನು ಜರ್ಮನಿಯ ಬಾರ್ತ್‌ಲೋಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಬಿಡಿಸಿ ಬರೆದರು. "ನಮ್ಮ ಬಾಟಲಿಯಲ್ಲಿ ಇಷ್ಟು ಆಗುವುದಿಲ್ಲ," ಎಂದು ಭಾವ ಮೊದಲ ಸಲ ಒಪ್ಪಿಕೊಂಡರು.

ಅಕ್ಕ ಒಲೆಯ ಹತ್ತಿರದಿಂದಲೇ ಕೂಗಿದಳು: "ಅದು ಖರ್ಚಾಗದಿದ್ದರೆ ಇತ್ತ ಕೊಡಿ, ಕಾವಲಿಗೆ ಹಚ್ಚಿ ನೋಡುವ. ಎರಡು ದಿನದಿಂದ ದೋಸೆ ಏಳುವುದೇ ಇಲ್ಲ."