ಧರ್ಮಸಂಕಟದ ಮಾಸ್ತರು

ಬೇಡಿದವರಿಗೂ ಬೇಡದವರಿಗೂ ಧರ್ಮಸಂಕಟಗಳನ್ನು ಹಂಚುವುದನ್ನೇ ನಿವೃತ್ತಿಯ ವ್ರತವಾಗಿ ಕೈಕೊಂಡ ಮಹನೀಯರು ಊರಿಗೊಬ್ಬರಾದರೂ ಇರುವರು. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಆ ಪೀಠವನ್ನು ಅಲಂಕರಿಸಿದವರು ಮಾಸ್ತರು. ಕೆನಡಾದಲ್ಲಿರುವ ಮೊಮ್ಮಗಳು ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದಂದಿನಿಂದ ಈ ವ್ರತಕ್ಕೆ ಶಾಸ್ತ್ರಾಧಾರವೂ ಒದಗಿತು. ಅಲ್ಲಿಯ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಈ ಶತಮಾನದ ಆದಿಯಲ್ಲಿ ರೂಪಿಸಿದ ಸಂದರ್ಶನಪದ್ಧತಿಯಲ್ಲಿ, ಅಭ್ಯರ್ಥಿಯು ಬಾಗಿಲ ಬಳಿಯ ಸಮಸ್ಯೆಯನ್ನೋದಿ, ಎರಡು ನಿಮಿಷ ಚಿಂತಿಸಿ, ಒಳಹೊಕ್ಕು ಉತ್ತರವಿತ್ತು, ಗಂಟೆ ಬಾರಿಸಿದೊಡನೆ ಮುಂದಿನ ಬಾಗಿಲಿಗೆ ಧಾವಿಸಬೇಕು. ಮೊಮ್ಮಗಳಿಗೆ ವಾರಕ್ಕೊಮ್ಮೆ ಫೋನಿನಲ್ಲಿ ದೊರೆಯುವ ಈ ತಾಲೀಮು ನಮಗೆ ದಿನಂಪ್ರತಿ ಪ್ರತ್ಯಕ್ಷವಾಗಿಯೇ ಲಭ್ಯ.

ಹಾಲಿನ ಪಾಕೀಟು ಹಿಡಿದು ಬರುತ್ತಿದ್ದ ನನ್ನನ್ನು ಒಂದು ಮುಂಜಾನೆ ಕೊಡೆ ಅಡ್ಡ ಹಿಡಿದು ನಿಲ್ಲಿಸಿದರು. “ವೆಂಟಿಲೇಟರ್ ಒಂದ, ಪೇಶಂಟ್ ಇಬ್ಬರು. ಒಬ್ಬಾಕಿ ಎರಡು ಮಕ್ಕಳ ತಾಯಿ, ಇನ್ನೊಬ್ಬಾಂವ ಎಂಬತ್ತರ ಮುದುಕ. ಯಾರಿಗೆ ಕೊಡ್ತೀರಿ?”

“ತಾಯಿಗ್ರಿ.”

“ಏನ್ ಗಡಿಬಿಡಿರೀ ನಿಮ್ದು! ಯಾರು ಉಳಿಯೂ ಸಂಭವ ಹೆಚ್ಚೈತಿ ಅಂತ ಕೇಳಿದ್ರೇನು? ಮೊದಲ ಕೇಳ್ರಿ, ಆಮ್ಯಾಲ ಹೇಳ್ರಿ.”

ಮರುದಿನ ಅದೇ ಪ್ರಶ್ನೆ ಬಂದಾಗ ನಾನು ಸವಿನಯವಾಗಿ ಕೇಳುತ್ತ ಹೋದೆ. “ಹಿಂಗ ಕೇಳ್ಕೋತ ನಿಂತ್ರ ಇಬ್ಬರೂ ಹೋದ್ರಲ್ರೀ!” ಎಂದರು. ಅಷ್ಟರಲ್ಲಿ ಮನೆಯಲ್ಲಿ ಚಹಾಕ್ಕಿಟ್ಟ ನೀರೂ ಬತ್ತಿಹೋಗಿತ್ತು. ಆಲಿಸುವುದೇ ವೈದ್ಯನ ಪ್ರಥಮ ಗುಣವೆಂದು ಸಾರುವ ಇವರು ಅನ್ಯರ ವಾಕ್ಯವನ್ನು ಕ್ರಿಯಾಪದದವರೆಗೆ ಸಾಗಗೊಟ್ಟುದನ್ನು ಕಂಡವರಿಲ್ಲ.

ಓಣಿಯ ‘ನೀಟ್’ ಹುಡುಗರನ್ನು ಕಂಡರೆ ಮಾತ್ರ ಅವರಿಗೆ ಅಪಾರ ಮರುಕ. 180 ಪ್ರಶ್ನೆ, 720 ಅಂಕ. ನೀನಾರು, ವೈದ್ಯನೇಕಾಗುವೆ ಎಂದು ಕೇಳುವವರೇ ಇಲ್ಲ! ಹುಬ್ಬಳ್ಳಿಯಲ್ಲಿ 1957ರಲ್ಲಿ ಮೆಡಿಕಲ್ ಕಾಲೇಜು ಆರಂಭವಾದ ಕಾಲದ ಮಾತೆತ್ತಿದರೆ ಅವರನ್ನು ತಡೆಯುವುದು ದುಸ್ಸಾಧ್ಯ. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಮೈಸೂರು ಸರ್ಕಾರವು ಸಂದರ್ಶನಕ್ಕೆಂದು ಗೊತ್ತುಪಡಿಸಿದ್ದನ್ನೂ, ಸಾಮಾನ್ಯಜ್ಞಾನ, ವ್ಯಕ್ತಿತ್ವಗಳೊಡನೆ ಎನ್‌ಸಿಸಿ, ನಾಟಕಗಳಿಗೂ ಅಲ್ಲಿ ಬೆಲೆಯಿದ್ದುದನ್ನೂ, ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1964ರಲ್ಲಿ ಆ ಪದ್ಧತಿಯನ್ನು ಎತ್ತಿಹಿಡಿದುದನ್ನೂ ವರ್ಣಿಸಿ, “ವಶೀಲಿ ಒಳಗ ಬಂತಂತ ಮಾತುಕತೀನ ಹೊರಗ ಹಾಕಿದ್ರು” ಎಂದು ನಿಟ್ಟುಸಿರಿಡುವರು.

ಮೊನ್ನೆ ಓಣಿಯ ಆಯಿಯೊಬ್ಬರಿಗೆ ಏದುಸಿರು ಹತ್ತಿತು. ಕಿಮ್ಸ್ ಆಸ್ಪತ್ರೆಗೆ ಬರಲೊಲ್ಲೆನೆಂದು ಹಟ ಹಿಡಿದ ಅವರಿಗೆ ನಾವೆಲ್ಲ ಸರದಿಯಂತೆ ಉಪದೇಶಗೈದೆವು. ಮಾಸ್ತರು ಹೊರಸಿನ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, “ಯಾಕ ಒಲ್ಲೆ ಅಂತೀರಿ ಆಯಿ?” ಎಂದು ಕೇಳಿ, ಆಶ್ಚರ್ಯವೆಂಬಂತೆ, ಸುಮ್ಮನಾದರು. ಬಹಳ ಹೊತ್ತಿನ ಮೇಲೆ ಆಯಿ ಬಾಯಿಬಿಟ್ಟರು: “ಎಮ್ಮಿ ಹಿಂಡಾವ್ರ್ಯಾರೋ ತಮ್ಮಾ?”

“ನಾ ಅದೀನಲ್ಲ” ಎಂದರು ಮಾಸ್ತರು. ಆಯಿ ಆಟೋ ಹತ್ತಿದರು. ನಮ್ಮ ವಾಗ್ವೈಭವವೆಲ್ಲ ಮರಣಭಯದ ಕುರಿತಾಗಿತ್ತು. ಆ ಜೀವದ ಚಿಂತೆ ಗೋದಲಿಯಲ್ಲಿತ್ತು. ಇಂತಹ ಮೌನಕ್ಕೆ ಅಂಕ ಕೊಡುವ ಪರೀಕ್ಷೆ ನಮ್ಮಲ್ಲೊಂದು ಇದ್ದಿದ್ದರೆ ಎಂದು ನಾನು ಗಂಭೀರವಾಗಿ ಚಿಂತಿಸತೊಡಗಿದ್ದೆ.

ಮರುದಿನ ನಸುಕಿನಲ್ಲಿ ಮಾಸ್ತರು ತುಸು ಕುಂಟುತ್ತ, ಖಾಲಿ ಚರಗಿ ಹಿಡಿದು ನಮ್ಮ ಬಾಗಿಲಿಗೆ ಬಂದರು. “ಪೇಶಂಟ್‌ಗೆ ಮಾತು ಕೊಟ್ಟ ಡಾಕ್ಟರ್‌ಗೆ ಎಮ್ಮಿ ಹಿಂಡಾಕ ಬರೂದಿಲ್ಲ. ಬಾಜೂ ಮನಿಯವರು ಏನ್ ಮಾಡಬೇಕ್ರಿ?”

ಅವರೇ ಕಲಿಸಿದಂತೆ ನಾನು ಮೊದಲು ಕೇಳಿದೆ: “ಎಮ್ಮಿ ಒದೀತೈತೇನ್ರಿ?”

“ಅದನ್ನ ನಾ ಹೇಳಂಗಿಲ್ರಿ” ಎಂದು ಮೊಣಕಾಲು ನೀವಿಕೊಳ್ಳುತ್ತ ಚರಗಿಯನ್ನು ನನ್ನ ಕೈಗಿತ್ತರು, “ಕ್ಯಾಂಡಿಡೇಟ್ ತಾನ ಪರೀಕ್ಷಾ ಮಾಡಬೇಕು.”